ಪದವಿಯ ಲೆಕ್ಕ ಹೈಸ್ಕೂಲಿನಲ್ಲಿದೆ

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಸಂಸತ್ತಿನಲ್ಲಿ ಮಂಡನೆಯಾದದ್ದು 2006ರ ನವೆಂಬರಿನಲ್ಲಿ. ಅಂದಿನಿಂದ ಅದರ ಒಂದು ಅಂಕಿಯನ್ನು ಎಲ್ಲ ವೇದಿಕೆಗಳಲ್ಲೂ ಕೇಳುತ್ತಿದ್ದೇವೆ. ಇಪ್ಪತ್ತು ದಾಟಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ದೇಶದಲ್ಲಿ ಸುಮಾರು ಶೇ. 7, ಮುಸ್ಲಿಮರಲ್ಲಿ ಶೇ. 4ಕ್ಕಿಂತಲೂ ಕಡಿಮೆ. ಕೆಲವರು ಇದನ್ನು ಸರಕಾರದ ಮೇಲಿನ ದೂರು ಎಂದು ಓದಿದರು. ಇನ್ನು ಕೆಲವರು 'ಇವರಿಗೆ ಓದೇ ಬೇಡ' ಎಂಬ ಹೀಯಾಳಿಕೆಗೆ ಪುರಾವೆ ಮಾಡಿಕೊಂಡರು. ಎರಡೂ ಕಡೆಯವರು ಓದಿದ್ದು ಅರ್ಧ ವರದಿಯನ್ನು ಮಾತ್ರ.

ಅದೇ ವರದಿಯ ಇನ್ನೊಂದು ಮಾತು ಯಾರ ಭಾಷಣದಲ್ಲೂ ಬರುವುದಿಲ್ಲ. ಹದಿನೇಳು ದಾಟಿದ ಮುಸ್ಲಿಮರಲ್ಲಿ ಮೆಟ್ರಿಕ್ ಮುಗಿಸಿದವರು ಶೇ. 17, ಎಲ್ಲರ ಸರಾಸರಿ ಶೇ. 26. ಆದರೆ ಆ ಹೊಸ್ತಿಲು ದಾಟಿ ಕಾಲೇಜಿಗೆ ಅರ್ಹರಾದವರನ್ನಷ್ಟೇ ಹೋಲಿಸಿದರೆ, ಪದವಿ ಮುಗಿಸುವುದರಲ್ಲಿ ಸಮುದಾಯಗಳ ನಡುವಿನ ಅಂತರ ಬಹಳಷ್ಟು ಕಿರಿದಾಗುತ್ತದೆ. ಅಂದರೆ ನಮ್ಮ ಮಕ್ಕಳು ಹೆಚ್ಚಾಗಿ ಸೋಲುವುದು ಕಾಲೇಜಿನಲ್ಲಲ್ಲ, ಅವರು ಕಾಲೇಜಿನ ಗೇಟಿನವರೆಗೆ ಬರುವುದೇ ಇಲ್ಲ.

ರಾಮದುರ್ಗವನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಊರಿನಲ್ಲೇ ಬೆಂಬಳಗಿ ಕಲಾ, ಪಾಲರೇಶಾ ವಿಜ್ಞಾನ, ರಾಠಿ ವಾಣಿಜ್ಯ ಎಂದು ಮೂರು ಹೆಸರು ಹೊತ್ತ ಪದವಿ ಕಾಲೇಜು ಇದೆ. ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ನೆಚ್ಚಿಕೊಂಡಿದ್ದ ಜಿಲ್ಲೆಗೆ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಬಂತು. ಪಟ್ಟಣದ ಹುಡುಗನಿಗೆ ಕಾಲೇಜು ದೂರವಿಲ್ಲ. ಅವನಿಗೆ ದೂರವಾಗಿರುವುದು ಹತ್ತನೆಯ ತರಗತಿ. ಇದು ನೇಕಾರರ ಊರು. ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ ಸಿಗುವ ಮನೆಯಲ್ಲಿ ಕಂಡಿಕೆ ಸುತ್ತುವ ಕೈಯೂ ದುಡಿಮೆಯ ಕೈಯೇ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೀರು ಊರಿಗೆ ನುಗ್ಗಿದಾಗ ಮಗ್ಗಗಳೂ ಮುಳುಗಿದವು. ಮಗ್ಗ ನಿಂತ ಮನೆಯಲ್ಲಿ ಮೊದಲು ನಿಲ್ಲುವುದು ದೊಡ್ಡ ಮಗನ ಓದು. ಮನೆ ದೇವಾಂಗರದಾಗಲಿ ಮುಸ್ಲಿಮರದಾಗಲಿ, ಈ ಲೆಕ್ಕ ಬದಲಾಗುವುದಿಲ್ಲ.

ವರದಿಯ ಮಿತಿ ಇರುವುದೂ ಇಲ್ಲಿಯೇ. ಅದರ ಮುಖ್ಯ ಕೋಷ್ಟಕಗಳು ಇಡೀ ಸಮುದಾಯವನ್ನು ಒಂದೇ ಅಳತೆಗೋಲಾಗಿ ಹಿಡಿದಿವೆ. ಸರಕಾರಿ ನೌಕರನ ಮಗಳು ಮತ್ತು ಕೂಲಿ ನೇಕಾರನ ಮಗಳು ಒಂದೇ ಸರಾಸರಿಯೊಳಗೆ ಕರಗಿಹೋಗುತ್ತಾರೆ. ಉರ್ದು ಶಾಲೆ ಏಳನೆಯ ತರಗತಿಗೆ ಮುಗಿಯುವ ಊರಿನಲ್ಲಿ ಮಗು ಒಮ್ಮೆಲೇ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಜಿಗಿಯಬೇಕಾದ ಕಷ್ಟ ಯಾವ ಸರಾಸರಿಯಲ್ಲೂ ಕಾಣುವುದಿಲ್ಲ.

ಇಷ್ಟಾದರೂ ರೋಗವೆಲ್ಲಿದೆ ಎಂದು ವರದಿ ಸರಿಯಾಗಿಯೇ ಹೇಳಿತ್ತು. ಮುಂದೆ ಆದದ್ದೇನು? 2008ರಲ್ಲಿ ಶುರುವಾದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ನಿಲ್ಲಿಸಿತು. ಕಡ್ಡಾಯ ಶಿಕ್ಷಣದ ಕಾಯ್ದೆ ಇದೆಯಲ್ಲ ಎಂಬುದು ಅದು ಕೊಟ್ಟ ಕಾರಣ. ಕಾಯ್ದೆ ಫೀಸು ಮನ್ನಾ ಮಾಡುತ್ತದೆ, ಮಗು ದುಡಿದು ತರುತ್ತಿದ್ದ ಕಾಸನ್ನು ತುಂಬಿಕೊಡುವುದಿಲ್ಲ. ಅದೇ ವರ್ಷ ಕರ್ನಾಟಕದಲ್ಲಿ ಸಮವಸ್ತ್ರದ ಆದೇಶ ಹಿಜಾಬ್ ಧರಿಸಿದ ಹೆಣ್ಣುಮಕ್ಕಳನ್ನು ಪದವಿಪೂರ್ವ ತರಗತಿಯ ಬಾಗಿಲಲ್ಲೇ ತಡೆಯಿತು. ಏರಬೇಕಾದ ಮೆಟ್ಟಿಲನ್ನೇ ಕಿತ್ತರೆ ಮೇಲಿನ ಮಹಡಿ ಇದ್ದೂ ಏನು ಫಲ? ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2019-20ರಲ್ಲಿ 21 ಲಕ್ಷವಿದ್ದ ಮುಸ್ಲಿಂ ವಿದ್ಯಾರ್ಥಿಗಳು 2020-21ರಲ್ಲಿ 19.21 ಲಕ್ಷಕ್ಕೆ ಇಳಿದಿದ್ದರು. ಒಟ್ಟು ದಾಖಲಾತಿಯಲ್ಲಿ ಇದು ಶೇ. 4.6 ಮಾತ್ರ. 2011ರ ಜನಗಣತಿಯಲ್ಲಿ ಮುಸ್ಲಿಮರ ಪಾಲು ಶೇ. 14.2. ಹೀಗೆ ಕುಸಿಯುತ್ತಿದ್ದ ಹೊತ್ತಿನಲ್ಲೇ ಆಸರೆಯನ್ನೂ ತೆಗೆಯಲಾಯಿತು.

ಸರಕಾರವನ್ನು ಕೇಳಬೇಕಾದ್ದನ್ನು ಕೇಳೋಣ. ಆದರೆ ನಮ್ಮ ಸಂಘಟನೆಗಳನ್ನೂ ಒಂದು ಮಾತು ಕೇಳಬೇಕಿದೆ. ಪ್ರತಿ ಜೂನ್‌ನಲ್ಲಿ ಶೇ. 90 ಅಂಕ ಪಡೆದವರಿಗೆ ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಅವರು ನಮ್ಮ ಶಾಲು ಇಲ್ಲದೆಯೂ ಪದವಿ ಮುಗಿಸುತ್ತಾರೆ. ಎಂಟನೆಯ ತರಗತಿಯಲ್ಲಿ ಹಾಜರಿ ತಪ್ಪತೊಡಗಿದ ಹುಡುಗನ ಮನೆಗೆ ಹೋದವರು ಎಷ್ಟು ಜನ? ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ಫೇಲಾದ ಹುಡುಗಿಯ ಮರುಪರೀಕ್ಷೆಗೆ ಫೀಸು ಕಟ್ಟಿ ಪಾಠ ಹೇಳಿದ ಜಮಾಅತ್‌ಗಳು ಎಷ್ಟು? ಒಂದು ಮೊಹಲ್ಲಾದಲ್ಲಿ ಅಂಥ ಹತ್ತು ಮಕ್ಕಳನ್ನು ಹತ್ತನೆಯ ತರಗತಿ ದಾಟಿಸಿದರೆ ಮುಂದಿನ ಅಂತರ ಕಿರಿದಾಗುತ್ತದೆಂದು ಸಾಚಾರ್ ವರದಿಯೇ ಹೇಳಿದೆ. ಅದನ್ನು ಶಾಸನದಂತೆ ಗೋಡೆಗೆ ತೂಗುಹಾಕಿದ್ದು ಸಾಕು. ಇನ್ನು ಮನೆಮನೆಗೆ ಹೋಗುವ ಪಟ್ಟಿಯನ್ನಾಗಿ ಅದನ್ನು ಬಳಸಬೇಕು.