ಗರ್ಭೋತ್ಪತ್ತಿಯ ವಿಚಾರ: ಕುರಾನಿನ ವಾಕ್ಯಗಳೂ ಈಗಿನ ವಿಜ್ಞಾನವೂ

ಫ್ರಾನ್ಸ್ ದೇಶದ ವೈದ್ಯರಾದ ಮಾರಿಸ್ ಬುಕಾಯ್ ಎಂಬವರು 1976ರಲ್ಲಿ ಬೈಬಲು, ಕುರಾನು, ವಿಜ್ಞಾನ ಈ ಮೂರನ್ನೂ ಹೋಲಿಸಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆಧುನಿಕ ವಿಜ್ಞಾನಕ್ಕೆ ವಿರುದ್ಧವಾದ ಮಾತು ಕುರಾನಿನಲ್ಲಿ ಒಂದೂ ಇಲ್ಲವೆಂಬುದು ಅವರ ಸಿದ್ಧಾಂತ. ಅದಕ್ಕೆ ಅವರು ಕೊಡುವ ಆಧಾರಗಳಲ್ಲಿ ಗರ್ಭೋತ್ಪತ್ತಿಯ ಪ್ರಕರಣವು ಮುಖ್ಯವಾದುದು. ಗ್ರಂಥವು ಅನೇಕ ಭಾಷೆಗಳಿಗೆ ಪರಿವರ್ತಿತವಾಗಿ ಬಹುಜನರ ಆದರಕ್ಕೆ ಪಾತ್ರವಾಗಿದೆ. ಪವಿತ್ರವಾಕ್ಯಗಳಿಗೆ ಅರ್ಥಮಾಡುವ ಕ್ರಮವೇ ಇಲ್ಲಿ ಪ್ರಶ್ನೆಗೆ ಬಂದಿರುವುದರಿಂದ ಆ ಪ್ರಕರಣವನ್ನು ಪರಾಮರ್ಶಿಸುವುದು ಅನುಚಿತವಾಗಲಾರದು.

ಕುರಾನಿನ 23ನೆಯ ಅಧ್ಯಾಯವು ಗರ್ಭದ ಅವಸ್ಥೆಗಳನ್ನು ಕ್ರಮವಾಗಿ ಹೇಳುತ್ತದೆ. ಮೊದಲು ‘ನುತ್ಫಾ’, ಎಂದರೆ ಬಿಂದು, ಬಳಿಕ ‘ಅಲಕಾ’, ಬಳಿಕ ‘ಮುದ್ಗಾ’, ಎಂದರೆ ಅಗಿದ ತುತ್ತಿನಂತಹ ಮಾಂಸದ ಮುದ್ದೆ, ಅನಂತರ ಎಲುಬು, ಎಲುಬಿಗೆ ಮಾಂಸದ ಹೊದಿಕೆ, ಕಡೆಯಲ್ಲಿ ಬೇರೊಂದು ಸೃಷ್ಟಿ. ಇವುಗಳಲ್ಲಿ ವಿವಾದವೆಲ್ಲವೂ ‘ಅಲಕಾ’ ಶಬ್ದವನ್ನು ಆಶ್ರಯಿಸಿದೆ. ಅದರ ಧಾತುವಿಗೆ ಅಂಟಿಕೊಳ್ಳುವುದು, ತೂಗುವುದು ಎಂದರ್ಥ. ಶಬ್ದಕ್ಕಾದರೋ ಹೆಪ್ಪುಗಟ್ಟಿದ ರಕ್ತವೆಂದೂ ಜಿಗಣೆಯೆಂದೂ ನಿಘಂಟುಗಳು ಅರ್ಥ ಹೇಳುತ್ತವೆ; ಕ್ರಿ.ಶ. 923ರಲ್ಲಿ ದಿವಂಗತನಾದ ತಬರಿಯೇ ಮೊದಲಾದ ಪ್ರಾಚೀನ ವ್ಯಾಖ್ಯಾತೃಗಳು ರಕ್ತವೆಂಬ ಅರ್ಥವನ್ನೇ ಹಿಡಿದಿರುವರು. ಬುಕಾಯ್ ಅವರು ಈ ಅರ್ಥವನ್ನು ತಿರಸ್ಕರಿಸಿ ‘ಅಂಟಿಕೊಂಡಿರುವ ವಸ್ತು’ ಎಂಬುದನ್ನು ಗ್ರಹಿಸುತ್ತಾರೆ. ಕಾರಣವೇನು? ಗರ್ಭವು ಎಂದಿಗೂ ರಕ್ತದ ಹೆಪ್ಪಿನ ಅವಸ್ಥೆಯನ್ನು ಹೊಂದುವುದಿಲ್ಲವೆಂಬುದೇ ಕಾರಣ! ಸಂಗತಿಯೇನೋ ನಿಜ. ಆದರೆ ಅದು ಪ್ರಸೂತಿವೈದ್ಯನ ಕಾರಣವಾಯಿತೇ ಹೊರತು ಶಾಬ್ದಿಕನ ಕಾರಣವಾಗಲಿಲ್ಲ. ಕೆಸರಿನಲ್ಲಿ ಹುಟ್ಟಿದುದೆಲ್ಲವೂ ‘ಪಂಕಜ’ವಾಗುವುದಿಲ್ಲ; ಯೋಗಾರ್ಥಕ್ಕಿಂತ ರೂಢಾರ್ಥವು ಬಲವತ್ತರವೆಂಬುದು ಸಂಸ್ಕೃತಶಾಸ್ತ್ರಕಾರರ ನಿಯಮ. ಅರಬ್ಬೀ ಭಾಷೆಗೂ ಇದು ಸಲ್ಲದಿರಲು ಕಾರಣ ಕಾಣದು. ಫಲವನ್ನು ಮೊದಲೇ ನಿಶ್ಚಯಿಸಿಕೊಂಡು ಅದಕ್ಕೆ ಒಪ್ಪುವ ಅರ್ಥವನ್ನು ನಿಘಂಟಿನಲ್ಲಿ ಹುಡುಕುವವನಿಗೆ ಯಾವ ಗ್ರಂಥವೂ ಎದುರಾಡಲಾರದು.

ಕೆನಡಾದ ಅಂಗರಚನಾಶಾಸ್ತ್ರಜ್ಞ ಕೀತ್ ಮೂರ್ ಅವರು ಜಿಗಣೆಯೆಂಬ ಅರ್ಥವನ್ನು ಹಿಡಿದರು. ಸುಮಾರು ನಾಲ್ಕು ವಾರದ ಪಿಂಡವು ಜಿಗಣೆಯನ್ನು ಹೋಲುತ್ತದೆಂದೂ, ಅದರ ಬೆನ್ನಿನ ಗಂಟುಗಳು ಅಗಿದ ತುತ್ತಿನ ಮೇಲಿನ ಹಲ್ಲಿನ ಗುರುತುಗಳಂತಿವೆಯೆಂದೂ ಅವರ ಮತ. ಆ ಪಿಂಡದ ಉದ್ದವು ನಾಲ್ಕೈದು ಮಿಲಿಮೀಟರು ಮಾತ್ರ. ಸೂಕ್ಷ್ಮದರ್ಶಕದಲ್ಲಿ ಕಂಡ ಬಳಿಕ ಹೊಳೆದ ಸಾದೃಶ್ಯವಿದು. ಈ ಶಬ್ದವನ್ನು ಓದಿಕೊಂಡು ಆ ರೂಪವನ್ನು ಮುಂದಾಗಿ ಊಹಿಸಿದವರು ಯಾರು? ಇಬ್ನ್ ಸೀನಾನಂತಹ ಮಹಾವೈದ್ಯರಿಗೆ ಅರಬ್ಬಿಯೂ ಬರುತ್ತಿತ್ತು, ಕುರಾನೂ ಬರುತ್ತಿತ್ತು. ಆದರೂ ಸಸ್ತನಿಗಳ ಅಂಡವು ಕಂಡುಬಂದುದು 1827ರಲ್ಲಿ, ಫಾನ್ ಬೇರ್ ಎಂಬ ಪಂಡಿತನು ನಾಯಿಯ ಅಂಡಾಶಯವನ್ನು ಪರೀಕ್ಷಿಸಿದಾಗ.

ಎಲುಬು ಮೊದಲು, ಮಾಂಸ ಬಳಿಕ ಎಂಬ ಕ್ರಮವೂ ನಿಲ್ಲುವುದಿಲ್ಲ. ಬೆನ್ನಿನ ಒಂದೇ ಗಂಟಿನಿಂದ ಎಲುಬಿನ ಬೀಜವೂ ಮಾಂಸಖಂಡದ ಬೀಜವೂ ಒಡನೊಡನೆ ಕವಲೊಡೆಯುತ್ತವೆ. ಎಲುಬು ಮೃದ್ವಸ್ಥಿಯಾಗಿ ತೊಡಗಿ, ಹುಟ್ಟಿದ ಮೇಲೂ ಎಷ್ಟೋ ವರ್ಷ ಗಟ್ಟಿಯಾಗುತ್ತಲೇ ಇರುತ್ತದೆ. 86ನೆಯ ಅಧ್ಯಾಯದಲ್ಲಿ ಚಿಮ್ಮುವ ದ್ರವವು ಬೆನ್ನೆಲುಬಿಗೂ ಎದೆಯ ಎಲುಬುಗಳಿಗೂ ನಡುವಿನಿಂದ ಹೊರಡುವುದೆಂದು ಹೇಳಿದೆ. ಹಿಪೊಕ್ರೆಟಿಸನ ಸಂಪ್ರದಾಯದವರೂ ಬೀಜವು ಬೆನ್ನುಹುರಿಯ ಮಾರ್ಗವಾಗಿ ಇಳಿಯುವುದೆಂದು ಬರೆದಿದ್ದರು. ಯಾರು ಯಾರಿಂದ ಪಡೆದರೆಂಬ ವಿಚಾರ ಇಲ್ಲಿ ಬೇಡ. ಇಂತಹ ತಿಳಿವಳಿಕೆ ಪ್ರಾಚೀನ ಲೋಕದಲ್ಲಿ ಹರಡಿದ್ದಿತು.

ಬುಕಾಯ್ ಅವರ ಕ್ರಮದಲ್ಲಿರುವ ದೊಡ್ಡ ದೋಷ ಬೇರೆಯಾಗಿದೆ. ಇವೇ ಅವಸ್ಥೆಗಳಿಗೆ ಹದೀಸು ನಲವತ್ತು ನಲವತ್ತು ದಿನಗಳ ಅವಧಿಯನ್ನು ಹೇಳುತ್ತದೆ. ಇದು ಈಗಿನ ತಿಳಿವಳಿಕೆಗೆ ಹೊಂದುವುದಿಲ್ಲವೆಂದು ಅವರೇ ಒಪ್ಪಿ ಅದನ್ನು ಬದಿಗಿರಿಸುತ್ತಾರೆ. ಶಬ್ದಗಳು ಅವೇ, ಸಂಖ್ಯೆ ಕೂಡಿದಲ್ಲಿ ದೋಷ, ಸಂಖ್ಯೆ ಇಲ್ಲದಲ್ಲಿ ವಿಜ್ಞಾನ! ಅಳತೆಗೆ ಸಿಕ್ಕದ ಮಾತನ್ನು ಅಳೆದು ಸರಿಯೆನ್ನುವುದು ಹೇಗೆ?

ಇಷ್ಟರಿಂದ ಆ ಪರಂಪರೆಯನ್ನು ಹಾಸ್ಯಮಾಡಹೊರಟವರೂ ಅಲ್ಪಜ್ಞರೇ. ಅರಿಸ್ಟಾಟಲನು ತಾಯಿಗೆ ಬೀಜವೇ ಇಲ್ಲವೆಂದನು; ತಂದೆತಾಯಿಗಳಿಬ್ಬರಿಗೂ ಬೀಜವುಂಟೆಂದು ಗೇಲನನು ವಾದಿಸಿದನು. ಹದೀಸು ಇಬ್ಬರ ದ್ರವವನ್ನೂ ಹೇಳುತ್ತದೆ; ಇಬ್ನ್ ಅಲ್ ಕಯ್ಯಿಮನಂತಹ (1292–1350) ವಿದ್ವಾಂಸರು ಗ್ರೀಕರ ವೈದ್ಯವನ್ನೂ ತಮ್ಮ ಧರ್ಮವಾಕ್ಯಗಳನ್ನೂ ಎದುರುಬದುರಾಗಿಟ್ಟು ಚರ್ಚಿಸಿದರು. ಮಗುವಿನ ಮುಖದಲ್ಲಿ ತಾಯಿಯ ಹೋಲಿಕೆಯನ್ನು ಕಂಡವರಿಗೆ ಅರಿಸ್ಟಾಟಲನ ಮತಕ್ಕಿಂತ ಇದು ಯುಕ್ತವಾಗಿ ತೋರಿದುದು ಸಹಜ.

ಸಂಸ್ಕೃತಾಭ್ಯಾಸಿಗಳು ಇಲ್ಲಿ ದೂರ ನಿಂತು ನಗುವಂತಿಲ್ಲ. ಗರ್ಭೋಪನಿಷತ್ತಿನಲ್ಲಿಯೂ ಕಲಲ, ಬುದ್ಬುದ, ಪಿಂಡ ಎಂಬ ಕ್ರಮವಿದೆ. ಅದರಲ್ಲಿ ಕೋಶವಿಭಜನೆಯನ್ನು ಕಾಣುವವರೂ ಇದೇ ಬುಕಾಯ್ ಅವರ ಶಿಷ್ಯರು. ಶುಕ್ರ ಹೆಚ್ಚಾದರೆ ಗಂಡು, ಆರ್ತವ ಹೆಚ್ಚಾದರೆ ಹೆಣ್ಣು ಎಂದು ಆಯುರ್ವೇದ. ಯಾರ ದ್ರವ ಮೇಲಾಗುವುದೋ ಅದರಂತೆ ಎಂದು ಹದೀಸು. ತಂದೆಯ ಬೀಜವು ತರುವ ವರ್ಣತಂತುವೇ ಇದನ್ನು ನಿರ್ಣಯಿಸುವುದೆಂದು 1905ರಿಂದೀಚೆಗೆ ತಿಳಿದುಬಂದಿದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹಾಗಾದರೆ ಕುರಾನಿನ ವಾಕ್ಯಗಳು ಅಲ್ಲಿ ಮಾಡುವ ಕೆಲಸವೇನು? 22ನೆಯ ಅಧ್ಯಾಯದ 5ನೆಯ ವಾಕ್ಯವು ಮೃತರ ಪುನರುತ್ಥಾನದಲ್ಲಿ ಸಂದೇಹಪಡುವವರನ್ನು ಸಂಬೋಧಿಸಿ ಹೊರಟಿದೆ. ಬಿಂದುವಿನಿಂದ ಮನುಷ್ಯನಾದುದು ಒಂದು ದೃಷ್ಟಾಂತ. ಬತ್ತಿದ ನೆಲವು ಮಳೆ ಬಿದ್ದೊಡನೆ ಉಬ್ಬಿ ಚಿಗುರುವುದು ಇನ್ನೊಂದು. ದೃಷ್ಟಾಂತವು ವಾದಿಪ್ರತಿವಾದಿಗಳಿಬ್ಬರಿಗೂ ತಿಳಿದಿರತಕ್ಕದ್ದೆಂಬುದನ್ನು ತರ್ಕದ ಮೊದಲ ಪಾಠ ಓದಿದವರೂ ಬಲ್ಲರು. ‘ಅಲಕಾ’ ಎಂಬುದು ಸೂಕ್ಷ್ಮದರ್ಶಕಕ್ಕೆ ಮಾತ್ರ ಗೋಚರವಾದ ವಸ್ತುವಾಗಿದ್ದರೆ, ಏಳನೆಯ ಶತಮಾನದ ಅರಬ್ಬೀ ಶ್ರೋತೃವು ಅದನ್ನು ಕೇಳಿ ತಲೆದೂಗುವಂತಿರಲಿಲ್ಲ. ಗರ್ಭಸ್ರಾವವಾದಾಗ ಮನೆಯ ಹೆಂಗಸರು ಕಂಡಿರಬಹುದಾದ ರಕ್ತದ ಹೆಪ್ಪು, ಮಾಂಸದ ಮುದ್ದೆ, ಮಳೆಗೆ ಹಸುರಾದ ಮರುಭೂಮಿ, ಇವನ್ನೇ ಆ ವಾಕ್ಯವು ಅವನ ಮುಂದಿಟ್ಟಿತು.