‘ಸೆಟ್ ಆಗ್ಯಾದ’ ಎಂಬ ಮಾತು

ಇಂಗ್ಲಿಷಿನ ‘ಸೆಟ್’ ಮೂರೇ ಅಕ್ಷರದ ಪದ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದದ್ದು ಇದೇ ಪದ. ಕ್ರಿಯಾಪದವಾಗಿಯೇ ಅದಕ್ಕೆ ನಾನೂರಕ್ಕೂ ಮಿಕ್ಕಿದ ಅರ್ಥಗಳನ್ನು ಅಲ್ಲಿ ಕೊಟ್ಟಿದ್ದಾರೆ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿದೆಯಂತೆ. ಬೀದರಿನವರು ಈ ತೀರ್ಪನ್ನು ಒಪ್ಪಲಿಕ್ಕಿಲ್ಲ. ನಮ್ಮಲ್ಲಿ ‘ರನ್’ ಕ್ರಿಕೆಟ್ಟಿನ ಮೈದಾನ ಬಿಟ್ಟು ಹೊರಗೆ ಬಂದದ್ದು ಕಡಿಮೆ. ‘ಸೆಟ್’ ಹೋಗದ ಓಣಿಯೇ ಇಲ್ಲ.

ಔರಾದ ಕಡೆಯ ರೈತನಿಗೆ ಸೆಟ್ ಅಂದರೆ ಬಾವಿಯ ಮೇಲಿನ ಪಂಪು. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪಿಗೆ ಉಚಿತ ವಿದ್ಯುತ್ ಕೊಡುವ ಸರಕಾರದ ಕಾಗದದಲ್ಲೂ ಅದು ‘ಐಪಿ ಸೆಟ್’. ಗೌಂಡಿಗೆ ಸೆಟ್ ಆಗುವುದು ಸಿಮೆಂಟು. ಹೋಟೆಲಿನಲ್ಲಿ ಒಂದರ ಮೇಲೊಂದು ಬರುವ ದೋಸೆ. ಭಾಲ್ಕಿಯ ಫರ್ನಿಚರ್ ಅಂಗಡಿಯಲ್ಲಿ ಸೋಫಾ. ಎಂ.ಎ. ಮುಗಿಸಿದ ಹುಡುಗ ಹುಡುಗಿಯರಿಗೆ ಅದು ಉಪನ್ಯಾಸಕರಾಗಲು ಪಾಸಾಗಬೇಕಾದ ಕೆ-ಸೆಟ್ ಪರೀಕ್ಷೆ. ಗಣಿತದ ಪುಸ್ತಕ ‘ಗಣ’ ಎಂದು ಎಷ್ಟು ಚೆನ್ನಾಗಿ ಹೇಳಿದರೂ ಮೇಷ್ಟ್ರ ಬಾಯಲ್ಲಿ ಬರುವುದು ಸೆಟ್ಟೇ. ‘ತಮ್ಮ ದುಬೈದಾಗ ಸೆಟ್ ಆಗ್ಯಾನ’ ಅಂದರೆ ಕೆಲಸ ಸಿಕ್ಕಿದೆ. ‘ಸಾಹೇಬ್ರ ಹತ್ರ ಸೆಟ್ಟಿಂಗ್ ಅದ’ ಅಂದರೆ ಏನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಪರಭಾಷೆಯ ಪದ ಬಂದು ನಮ್ಮದನ್ನು ನುಂಗಿತು ಎಂದು ಗೋಳಾಡುವುದು ಸುಲಭ. ಆದರೆ ಈ ಪದ ಇಲ್ಲಿ ಇಷ್ಟು ಬೇಗ ಕಾಲೂರಲು ಕಾರಣ ಇಂಗ್ಲಿಷಿನ ಬಲವೊಂದೇ ಅಲ್ಲ ಎಂದು ನಮಗೆ ಅನಿಸುತ್ತದೆ. ಅದಕ್ಕೊಂದು ಪೀಠ ಮೊದಲೇ ಸಿದ್ಧವಿತ್ತು. ಉರ್ದುವಿನ ‘ಜಮ್ನಾ’, ಮರಾಠಿಯ ‘ಜಮಣೆ’ ನೋಡಿ. ಉರ್ದುವಿನಲ್ಲಿ ಮೊಸರು ಹೆಪ್ಪಾದರೂ ಜಮ್ತಾ, ವ್ಯಾಪಾರ ಹಿಡಿದರೂ ಜಮ್ತಾ. ಮರಾಠಿಯಲ್ಲಿ ಮದುವೆ ಗೊತ್ತಾದರೆ ‘ಲಗ್ನ ಜಮಲೆ’. ನಮ್ಮ ದಖನಿಯಲ್ಲಿ ಆಗದ ಕೆಲಸಕ್ಕೆ ‘ಜಮ್ತಾ ನೈ’. (ಇದನ್ನು ಅರಬ್ಬಿಯ ‘ಜಮಾ’ದ ಜೊತೆ ಕಲಸಬಾರದು. ಅದು ಬೇರೆ ಬೇರಿನ ಪದ. ಬ್ಯಾಂಕಿನಲ್ಲಿ ಹಣ ಜಮಾ ಆಗುವುದು ಆ ಅರಬ್ಬಿಯಿಂದ.) ಅಂದರೆ ಹೆಪ್ಪುಗಟ್ಟುವುದು, ಹೊಂದುವುದು, ಗೊತ್ತಾಗುವುದು ಈ ಮೂರನ್ನೂ ಒಂದೇ ಪದಕ್ಕೆ ಒಪ್ಪಿಸುವ ರೂಢಿ ಈ ಸೀಮೆಗೆ ಹಳೆಯದು. ‘ಜಮ್’ ಎದ್ದ ಜಾಗದಲ್ಲಿ ‘ಸೆಟ್’ ಬಂದು ಕುಳಿತಿತು.

ಬೀದರಿನ ಚರಿತ್ರೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಈ ಜಿಲ್ಲೆಯನ್ನು ಮೂರು ಕಡೆಗೆ ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು; ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಅಂದರೆ ಇಂದಿನ ತೆಲಂಗಾಣಕ್ಕೆ; ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ನೆಲ ಹಂಚಿಹೋಯಿತು, ಸಂತೆ ಹಂಚಿಹೋಗಲಿಲ್ಲ. ಕನ್ನಡ, ಮರಾಠಿ, ತೆಲುಗು, ದಖನಿ ಸೇರುವ ಸಂತೆಯಲ್ಲಿ ಯಾರದೂ ಅಲ್ಲದ ಪದ ಎಲ್ಲರಿಗೂ ಅನುಕೂಲ.

ಪಂಡಿತರು ಪದ ಕಟ್ಟಲಿಲ್ಲವೆಂದಲ್ಲ. 1917ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಅನುವಾದ ಸಂಸ್ಥೆ ದಾರುತ್ತರ್ಜುಮಾ, ಮರುವರ್ಷ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಉರ್ದು ಪಾಠಗಳಿಗಾಗಿ ಅರಬ್ಬಿ, ಪಾರಸಿ ಬೇರುಗಳಿಂದ ರಾಶಿ ರಾಶಿ ಪದಗಳನ್ನು ಟಂಕಿಸಿತು. ಆ ಕಾಲದಲ್ಲೇ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಎರಡೂ ಸಂಗತಿಗಳನ್ನು ನಾವು ಗೌರವದಿಂದಲೇ ನೆನೆಯುತ್ತೇವೆ. ಉರ್ದು ಶಾಲೆ, ಕನ್ನಡ ಶಾಲೆ ಎರಡರ ಬೆಂಚಿನಲ್ಲೂ ಕುಳಿತವರಿಗೆ ಇವೆರಡೂ ಒಂದೇ ಮನೆಯ ಕತೆಗಳು. ಈಗ ಬೋರ್ಡು ಇಂಗ್ಲಿಷಿನದು. ಒಳಗೇನಿದೆ ಎಂದು ಇಣುಕಿ ನೋಡಬೇಕು.

ನಮ್ಮ ತಕರಾರು ಇರುವುದು ಕನ್ನಡ ಕತೆಯ ಮೇಲೆ, ಅದನ್ನು ತಿದ್ದುವ ಮೇಜಿನ ಮೇಲೆ. ಮುಸ್ಲಿಂ ಪಾತ್ರವೊಂದು ‘ರಿಷ್ತಾ’, ‘ಜಹೇಜ್’ ಅಂದರೆ ಸಂಪಾದಕರು ಪಕ್ಕದಲ್ಲಿ ಆವರಣ ಚಿಹ್ನೆ ಹಾಕಿ ಅರ್ಥ ಬರೆಯಿರಿ ಎನ್ನುತ್ತಾರೆ. ಅದೇ ಪಾತ್ರ ‘ಸೆಟ್ ಆಯ್ತು’ ಅಂದರೆ ಯಾರೂ ಅರ್ಥ ಕೇಳುವುದಿಲ್ಲ. ನಾನೂರು ಅರ್ಥದ ಪದಕ್ಕೆ ಟಿಪ್ಪಣಿ ಬೇಡ, ಶತಮಾನಗಳಿಂದ ಇಲ್ಲೇ ಬಾಳಿದ ಒಂದರ್ಥದ ಪದಕ್ಕೆ ಬೇಕು! 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಸಂಭ್ರಮಪಟ್ಟೆವು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಬಿಟ್ಟರು. ಲಂಡನ್ನಿನ ಓದುಗನಿಗೆ ಇಲ್ಲದ ತೊಡಕು ಬೆಂಗಳೂರಿನ ಓದುಗನಿಗೆ ಏಕಿರಬೇಕು?

ಆದರೆ ಪೂರ್ತಿ ತಪ್ಪು ಸಂಪಾದಕರದಲ್ಲ. ಬರೆಯುವ ನಾವೂ ಈ ಪದದ ಮರೆಯಲ್ಲಿ ಆರಾಮಾಗಿದ್ದೇವೆ. ಕನ್ನಡದಲ್ಲಿ ‘ಸಂಬಂಧ ಕುದುರಿತು’ ಎಂಬ ಒಳ್ಳೆಯ ಮಾತಿದೆ. ಕುದುರಬೇಕಾದರೆ ಹೋಗಿ ಬರಬೇಕು, ಮಾತಾಗಬೇಕು, ಯಾರೋ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಆ ಪದದಲ್ಲಿ ಎರಡು ಮನೆಗಳ ಎಳೆದಾಟದ ಸದ್ದಿದೆ. ‘ಸೆಟ್ ಆಯ್ತು’ ಎಂದಾಗ ಸಿಮೆಂಟಿನ ಹಾಗೆ ತನಗೆ ತಾನೇ ಆದಂತೆ ಕೇಳುತ್ತದೆ. ಯಾರು ಕೇಳಿದರು, ಯಾರು ಸಾಲ ಮಾಡಿದರು ಎಂಬುದು ಮಾಯ.

ಮದುವೆ ಮನೆಯಲ್ಲಿ ಈ ಮಾಯೆ ಇನ್ನೂ ಜೋರು. ‘ಸೆಟ್ ಕೊಟ್ಟಾರ’ ಅಂದರೆ ಹಾರ, ಕಿವಿಯೋಲೆ ಸೇರಿದ ಚಿನ್ನ. ಸೋಫಾ ಸೆಟ್, ಡಿನ್ನರ್ ಸೆಟ್ ಅದರ ಹಿಂದೆ ಬರುತ್ತವೆ. ‘ಜಹೇಜ್’ ಎಂದೊಡನೆ ಕೇಳುವವರಿಗೂ ಕೊಡುವವರಿಗೂ ಸ್ವಲ್ಪ ನಾಚಿಕೆಯಾಗುತ್ತದೆ; ವಾಜ್‌ನಲ್ಲಿ ಅದರ ವಿರುದ್ಧ ಕೇಳಿರುತ್ತೇವೆ, ಮಹರ್ ಕೊಡಬೇಕಾದವನು ವರನೇ ಎಂಬುದೂ ಗೊತ್ತಿರುತ್ತದೆ. ‘ಸೆಟ್’ ಎಂದರೆ ಆ ನಾಚಿಕೆ ಇಲ್ಲ. ಹಿಂದೂ ನೆರೆಮನೆಯ ‘ವರದಕ್ಷಿಣೆ’ಗೂ ಇದೇ ಗತಿಯಾಗಿದೆ, ಈ ವಿಷಯದಲ್ಲಿ ಕೋಮುಭೇದ ಇಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ, ಕೇಳದೆ ಕೊಟ್ಟ ಉಡುಗೊರೆಗೆ ವಿನಾಯಿತಿ ನೀಡಿ, ಅದರ ಪಟ್ಟಿ ಬರೆದಿಡಬೇಕು ಎನ್ನುತ್ತದೆ. ಆ ಪಟ್ಟಿ ಹೇಗಿರಬೇಕೆಂದು 1985ರ ನಿಯಮಗಳು ಹೇಳುತ್ತವೆ: ಪ್ರತಿ ವಸ್ತುವಿನ ಚುಟುಕು ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು. ‘ಒಂದು ಸೆಟ್’ ಎಂದು ಬರೆದು ಕೈತೊಳೆದುಕೊಳ್ಳಲು ಅಲ್ಲಿ ಅವಕಾಶವಿಲ್ಲ.

ನಮ್ಮ ಕತೆಗಳಲ್ಲಿ ಧಾರಾಳವಾಗಿ ಇದೆ. ಮದುವೆಯ ಕತೆಗಳಲ್ಲಿ ಹೆಣ್ಣಿನ ಕಣ್ಣೀರನ್ನು ಪುಟಗಟ್ಟಲೆ ಬರೆಯುತ್ತೇವೆ, ಲೆಕ್ಕ ಬರೆಯುವುದಿಲ್ಲ. ಅಪ್ಪ ಯಾವ ಹೊಲ ಮಾರಿದ, ಎಷ್ಟು ಬಡ್ಡಿಗೆ ತಂದ, ಅಣ್ಣ ಯಾವ ವರ್ಷದ ಕಾಲೇಜು ಬಿಟ್ಟ ಎಂಬುದು ‘ಎಲ್ಲಾ ಸೆಟ್ ಆಗ್ಯಾದ’ ಎಂಬ ಒಂದು ಸಂಭಾಷಣೆಯಲ್ಲಿ ಮುಗಿದುಹೋಗುತ್ತದೆ. ವಾಸ್ತವದ ನುಡಿ ಹಿಡಿದೆವೆಂದು ವಿಮರ್ಶಕರು ಮೆಚ್ಚುತ್ತಾರೆ. ನುಡಿ ಹಿಡಿದದ್ದು ನಿಜ, ನುಡಿ ಮುಚ್ಚಿಟ್ಟದ್ದನ್ನು ಹಿಡಿದಿಲ್ಲ. ನಮ್ಮ ಓಣಿಯ ಅಜ್ಜಿಯರು ಈ ವಿಷಯದಲ್ಲಿ ಕತೆಗಾರರಿಗಿಂತ ಜಾಣರು. ಯಾರಾದರೂ ಮಗಳಿಗೆ ಸೆಟ್ ಹಾಕಿದೆವು ಎಂದು ಹೇಳಿದರೆ ಸಾಕು, ಎಲೆ ಅಡಿಕೆ ಬದಿಗಿಟ್ಟು ಕೇಳುತ್ತಾರೆ: ‘ಎಷ್ಟು ತೊಲಿ? ರೊಕ್ಕ ಎಲ್ಲಿಂದ ತಂದ್ರಿ?’