ಗೋಕಾಕ ಸೀಮೆಗೆ ಚೈತ್ರದಲ್ಲಿ ಹೋಗಿ

ಊರು ನೋಡುವುದಕ್ಕೂ ಹಂಗಾಮು ಉಂಟು. ಗೋಕಾಕ ಸೀಮೆಗೆ ಜನ ಮುಗಿಬೀಳುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ಘಟಪ್ರಭೆ 52 ಮೀಟರ್ ಎತ್ತರದಿಂದ ಕೆಂಪಾಗಿ ಧುಮುಕುವಾಗ ತೂಗುಸೇತುವೆಯ ಬಳಿ ನಿಂತು ಫೋಟೊ ತೆಗೆಸಿಕೊಂಡು, ಕರದಂಟು ಕಟ್ಟಿಸಿಕೊಂಡು ಮರಳುತ್ತಾರೆ. ಅದು ಹೊಳೆಯ ಸೊಕ್ಕನ್ನು ನೋಡುವ ಹಂಗಾಮು. ಆ ಹೊಳೆಯನ್ನು ನಂಬಿದವರು ಕಟ್ಟಿಕೊಂಡದ್ದೇನು, ವರ್ಷವರ್ಷ ರಿಪೇರಿ ಮಾಡಿಕೊಳ್ಳುವುದೇನು ಎಂದು ತಿಳಿಯಬೇಕಾದರೆ ಹೋಳಿಹುಣ್ಣಿಮೆ ಕಳೆದು ಮುಂಗಾರು ಹತ್ತುವುದರೊಳಗೆ ಹೋಗಬೇಕು. ಇಂಥ ಸೀಮೆಯ ನಿಜವಾದ ಸುದ್ದಿ ವಸಂತದಲ್ಲೇ ಹುಟ್ಟುತ್ತದೆ ಎಂಬುದು ನನ್ನ ವಾದ.

ಬೇಸಿಗೆಯಲ್ಲಿ ಜಲಪಾತ ಬತ್ತಿರುತ್ತದೆ, ಬರಿ ಬಂಡೆ ನೋಡಲು ಅಷ್ಟು ದೂರ ಯಾಕೆ ಎಂದು ಕೇಳುವವರಿದ್ದಾರೆ. ಆ ಬರಿ ಬಂಡೆಗೂ ಕಾರಣವಿದೆ. ಜಲಪಾತಕ್ಕಿಂತ ಮೇಲೆ, ಧೂಪದಾಳದಲ್ಲಿ, ಹೊಳೆಗೆ ಅಡ್ಡಲಾಗಿ ಒಂದು ಒಡ್ಡು ಇದೆ. 1897ರಷ್ಟು ಹಿಂದೆಯೇ ಅಲ್ಲಿಂದ ಎಡದಂಡೆ ಕಾಲುವೆ ಹರಿಯತೊಡಗಿತು. ಅದಕ್ಕೂ ಹತ್ತು ವರ್ಷ ಮೊದಲು, 1887ರಲ್ಲೇ, ಗೋಕಾಕ ಗಿರಣಿ ಜಲಪಾತದ ಶಕ್ತಿಯನ್ನು ನೂಲುವ ಕೆಲಸಕ್ಕೆ ಹಚ್ಚಿತ್ತು. ಹೀಗಾಗಿ ಬೇಸಿಗೆಯಲ್ಲಿ ಬಂಡೆಯ ಮೇಲೆ ಕಾಣದ ನೀರಿನಲ್ಲಿ ಒಂದಷ್ಟು ಹೊಲಗಳ ಕಡೆ ತಿರುಗಿರುತ್ತದೆ. ಮಳೆಗಾಲದಲ್ಲಿ ಇದಾವುದೂ ಕಣ್ಣಿಗೆ ಬೀಳುವುದಿಲ್ಲ. ಒಡ್ಡಿನ ಕಲ್ಲುಕಟ್ಟು, ಕಾಲುವೆಯ ಬಾಯಿ, ಗಿರಣಿಗೆ ನೀರು ಇಳಿಸುವ ಏರ್ಪಾಟು, ದಂಡೆಯ ಮೇಲಿನ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, ಇವನ್ನೆಲ್ಲ ಸಾವಕಾಶ ನೋಡಲು ಹೊಳೆ ಸಣ್ಣದಾಗಿರಬೇಕು.

ಗೋಕಾಕ ದಾಟಿ ಮೂಡಲಗಿ ತಾಲೂಕಿನ ಮಸಗುಪ್ಪಿಯಂಥ ಹೊಳೆಸಾಲಿನ ಊರುಗಳಿಗೆ ಬಂದರೆ ವಸಂತದ ಸುದ್ದಿಗಳು ಇನ್ನೂ ಚಿಕ್ಕವು. ಸಕ್ಕರೆ ಕಾರ್ಖಾನೆಗಳ ಕಬ್ಬು ನುರಿಸುವ ಹಂಗಾಮು ಮುಗಿಯುತ್ತದೆ, ಕುದಿಸಿದ ಅರಿಸಿನ ಕಣದಲ್ಲಿ ಒಣಗುತ್ತದೆ, ಜಾತ್ರೆಗೆ ಮುನ್ನ ಗುಡಿಗೆ ಸುಣ್ಣಬಣ್ಣ ಆಗುತ್ತದೆ, ಮಾರ್ಚ್ 31ರ ಲೆಕ್ಕ ಮುಗಿಸಲು ಪಂಚಾಯ್ತಿ ಗಟಾರ, ರಸ್ತೆಗಳ ಕೆಲಸಕ್ಕೆ ಅವಸರ ಮಾಡುತ್ತದೆ. ಎಲ್ಲಕ್ಕಿಂತ ದೊಡ್ಡ ಸುದ್ದಿ ಒಂದೇ: ಹಿಡಕಲ್‌ನಿಂದ ಹೊಳೆಗೆ ನೀರು ಬಿಟ್ಟರೋ ಇಲ್ಲವೋ? ಹುಕ್ಕೇರಿ ತಾಲೂಕಿನ ಆ ಜಲಾಶಯ ತುಂಬಿದರೆ ಸುಮಾರು 51 ಟಿಎಂಸಿ. ಅಲ್ಲಿಂದ ಬಿಟ್ಟ ನೀರು ಬಾಂದಾರದಿಂದ ಬಾಂದಾರಕ್ಕೆ, ಅಂದರೆ ಹಲಗೆ ಹಾಕಿ ನೀರು ತಡೆಯುವ ಒಂದು ಒಡ್ಡಿನಿಂದ ಮುಂದಿನ ಒಡ್ಡಿಗೆ, ನಿಂತು ನಿಂತು ಕೆಳಗಿಳಿಯಬೇಕು. ಮೇಲಿನವರು ಹಲಗೆ ಬಿಗಿದರೆ ಕೆಳಗಿನವರ ಪಂಪು ಗಾಳಿ ಎಳೆಯುತ್ತದೆ. ನೀರಿನ ನ್ಯಾಯ ಹೇಗೆ ನಡೆಯುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಇವೆಲ್ಲ ತೇಪೆ ಹಚ್ಚುವ ಕೆಲಸ, 2019ರಂಥ ಮಹಾಪೂರ ಬಂದರೆ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುತ್ತದೆ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಲೋಳಸೂರ ಸೇತುವೆ ಮುಳುಗಿದ್ದನ್ನೂ ಸುಣಧೋಳಿ, ಉದಗಟ್ಟಿ, ಅವರಾದಿಗಳ ದಾರಿ ಕಡಿದದ್ದನ್ನೂ ಕಂಡವರಿಗೆ ಗಟಾರದ ಸುದ್ದಿ ಹಗುರವೆನಿಸುವುದು ಸಹಜ. ಎತ್ತರದ ಸೇತುವೆಗಳು ಬೇಕು, ತೀರಾ ತಗ್ಗಿನ ಮನೆಗಳಿಗೆ ಬೇರೆ ಜಾಗ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ಕೆಲಸ ಆಗುವ ತನಕವೂ ಹೊಳೆ ವರ್ಷವರ್ಷ ಏರುತ್ತದೆ. ಮಳೆಗೆ ಮುನ್ನ ಬಾಂದಾರದ ಹಲಗೆ ತೆಗೆಯದಿದ್ದರೆ ಕಸಕಡ್ಡಿ ಸಿಕ್ಕಿ ನೀರು ಪಕ್ಕದ ದಂಡೆಯನ್ನು ಕೊರೆಯುತ್ತದೆ. ಹಳ್ಳದ ಹೂಳು ಎತ್ತದಿದ್ದರೆ ಸಾಧಾರಣ ಪೂರವೂ ಓಣಿಗೆ ನುಗ್ಗುತ್ತದೆ. ಗ್ರೀಸ್ ದೇಶದ ನಡುಗಡ್ಡೆಗಳಲ್ಲಿ ಈಸ್ಟರ್‌ಗೆ ಮುನ್ನ ಮನೆ, ಮೆಟ್ಟಿಲುಗಳಿಗೆ ಸುಣ್ಣ ಬಳಿದು, ದೋಣಿಗಳನ್ನು ದುರಸ್ತಿ ಮಾಡಿಕೊಳ್ಳುವ ರೂಢಿಯಿದೆ. ಅಲ್ಲಿನವರು ಆ ತಯಾರಿಯನ್ನೂ ಊರಿನ ಚೆಲುವೆಂದೇ ಪ್ರವಾಸಿಗರಿಗೆ ತೋರಿಸುತ್ತಾರೆ. ನಾವು ಉದ್ಘಾಟನೆಯ ಕಲ್ಲನ್ನು ಮಾತ್ರ ತೋರಿಸುತ್ತೇವೆ.

ಬೇಸಿಗೆ ಹೊಗಳಿಕೆಗಷ್ಟೇ ಸಾಕ್ಷಿಯಲ್ಲ, ತಪ್ಪನ್ನೂ ಎತ್ತಿ ತೋರಿಸುತ್ತದೆ. ಕಾಲುವೆಯ ನೀರು ಅತಿಯಾಗಿ ಉಂಡು, ಬಸಿದು ಹೋಗಲು ದಾರಿಯಿಲ್ಲದ ಕಪ್ಪು ಹೊಲಗಳು ಸವಳು ಬಿದ್ದು, ಬಿಸಿಲಿಗೆ ಬೆಳ್ಳಗೆ ಉಪ್ಪು ಕಾರುತ್ತವೆ. ಮಳೆಗಾಲದ ಹಸುರಿನಲ್ಲಿ ಈ ರೋಗ ಅಡಗಿಬಿಡುತ್ತದೆ. ಬಸಿಗಾಲುವೆ ತೋಡದೆ ನೀರಾವರಿ ಹಿಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ವರದಿ ಬೇಡ, ಏಪ್ರಿಲ್‌ನಲ್ಲಿ ಬದುವಿನ ಮೇಲೆ ನಿಂತರೆ ಸಾಕು. ಒಂದು ಸೀಮೆಯ ಸುಧಾರಣೆಯನ್ನು ಅಳೆಯಬೇಕಾದದ್ದು ಅಲ್ಲಿ ಕಟ್ಟಿದ್ದನ್ನು ಜೋಪಾನ ಮಾಡಿದ ಬಗೆಯಿಂದ. ಆದ್ದರಿಂದ ಮುಂದಿನ ಸಲ ಯುಗಾದಿ ಮುಗಿಸಿ, ಬಿಸಿಲು ಏರುವ ಮುನ್ನ ಧೂಪದಾಳದಿಂದ ಹೊರಟು ಮಸಗುಪ್ಪಿಯತನಕ ಹೊಳೆ ಹಿಡಿದು ಬನ್ನಿ. ದಾರಿಯಲ್ಲಿ ಸಿಕ್ಕ ರೈತರನ್ನು ಜಲಪಾತದ ಬಗ್ಗೆ ಕೇಳಬೇಡಿ. ಬಾಂದಾರದ ಹಲಗೆ ಯಾವಾಗ ತೆಗೆಯುತ್ತಾರೆ ಎಂದು ಕೇಳಿ.